ಮೋಸ ಎಲೆ ಕಲಸುವುದರಲ್ಲೋ, ಎದುರು ಕೂತವರಲ್ಲೋ?

ಪ್ರಶ್ನೆ: ಮೂರು ತಿಂಗಳಿಂದ ಆನ್‌ಲೈನ್‌ನಲ್ಲಿ ಪೋಕರ್, ನಡುನಡುವೆ ರಮ್ಮಿ ಆಡುತ್ತಿದ್ದೇನೆ. ನನಗೆ ಜೋಡಿ ರಾಜ ಬಂದರೆ ಎದುರಿನವನ ಕೈಯಲ್ಲಿ ಜೋಡಿ ಎಕ್ಕ ಇರುತ್ತದೆ. ಗೆದ್ದೆ ಅಂದುಕೊಂಡ ಆಟ ಕೊನೆಯ ಎಲೆಯಲ್ಲಿ ಕೈಬಿಟ್ಟು ಹೋಗುತ್ತದೆ. ರಮ್ಮಿಯಲ್ಲಂತೂ ನಾನು ಕಾಯುವ ಎಲೆ ಬರುವುದೇ ಇಲ್ಲ. ಯಾರು ಗೆಲ್ಲಬೇಕೆಂದು ಸಾಫ್ಟ್‌ವೇರ್ ಮೊದಲೇ ತೀರ್ಮಾನಿಸಿರುತ್ತದೆಯೇ? ಕಂಪನಿಯವರು ಸರ್ಟಿಫಿಕೇಟ್ ಇದೆ ಎನ್ನುತ್ತಾರೆ. ನಾನೇ ಪರೀಕ್ಷಿಸಲು ದಾರಿ ಇದೆಯೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಅನುಮಾನ ಹೆಣೆದುಕೊಂಡಿವೆ. ಎಲೆ ಸರಿಯಾಗಿ ಕಲಸುತ್ತಿದ್ದಾರೆಯೇ ಎಂಬುದು ಒಂದು. ನೋಡಬಾರದವರು ಎಲೆ ನೋಡುತ್ತಿದ್ದಾರೆಯೇ, ತಮ್ಮ ತಮ್ಮ ಆಟ ಆಡಬೇಕಾದವರು ಒಳಗೊಳಗೇ ಕೈಜೋಡಿಸಿದ್ದಾರೆಯೇ ಎಂಬುದು ಇನ್ನೊಂದು. ಸೋತವರ ಬೆರಳು ಸಾಮಾನ್ಯವಾಗಿ ಮೊದಲನೆಯದರ ಕಡೆಗೇ ತಿರುಗುತ್ತದೆ. ಆದರೆ ನೀವು ಹೆಚ್ಚು ಹೊತ್ತು ಕೊಡಬೇಕಾದದ್ದು ಎರಡನೆಯದಕ್ಕೆ. ಏಕೆಂದರೆ ಕಲಸುವುದರಲ್ಲಿ ಮೋಸವಿದ್ದರೆ ಅದು ಎಣಿಕೆಗೆ ಸಿಗುತ್ತದೆ. ಎದುರು ಕೂತವರ ಮೋಸ ಎಣಿಕೆಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಮೊದಲು ಜೋಡಿ ರಾಜನ ಗೋಳು. ಒಂಬತ್ತು ಜನರ ಮೇಜಿನಲ್ಲಿ ನಿಮಗೆ ಎರಡು ರಾಜ ಬಂದಾಗ ಉಳಿದ ಎಂಟು ಜನರಲ್ಲಿ ಯಾರಿಗಾದರೂ ಎರಡು ಎಕ್ಕ ಇರುವ ಸಂಭವ ಸುಮಾರು ಶೇ. 3.9, ಅಂದರೆ ಹೆಚ್ಚುಕಡಿಮೆ 25ಕ್ಕೆ ಒಂದು ಸಲ. ಹಾಗಿದ್ದರೂ ‘ಯಾವಾಗಲೂ’ ಅನ್ನಿಸುವುದೇಕೆ? ಎಲ್ಲ ದುಡ್ಡೂ ನಡುವೆ ಬಿದ್ದ ಆಟಗಳು ಮಾತ್ರ ನೆನಪಿನಲ್ಲಿ ಉಳಿದಿರುತ್ತವೆ. ನೀವು ಪಣ ಏರಿಸಿದಿರಿ, ಅವನು ಏರಿಸಿದ, ನೀವು ಮತ್ತೆ ಏರಿಸಿದಿರಿ, ಅವನು ಅದರ ಮೇಲೂ ಏರಿಸಿದ. ಇಷ್ಟು ಸುತ್ತು ನಿಂತವನ ಕೈಯಲ್ಲಿ ಎಕ್ಕ ಇರುವುದರಲ್ಲಿ ಆಶ್ಚರ್ಯವೇನಿದೆ? ಹಂಚಿಕೆ ಬದಲಾಗಿಲ್ಲ, ಪಣದ ಏರಾಟವೇ ಜರಡಿ ಹಿಡಿದು ಸಣ್ಣಪುಟ್ಟ ಕೈಗಳನ್ನು ಉದುರಿಸಿದೆ.

ಕೊನೆಯ ಎಲೆಯದೂ ಇದೇ ಕಥೆ. ಜೋಡಿ ಎಕ್ಕ ಜೋಡಿ ರಾಜನ ಎದುರು ಗೆಲ್ಲುವುದು ಸುಮಾರು ಶೇ. 82 ಸಲ. ಉಳಿದ 18 ಸೊನ್ನೆಯಲ್ಲ. ಸತತ ಮೂರು ಸಲ ಸೋಲುವುದು ಸುಮಾರು 170ಕ್ಕೆ ಒಂದು. ಇದಕ್ಕೆ ವೇಗವೂ ಸೇರುತ್ತದೆ. ಎದುರುಬದುರು ಕೂತು ಆಡಿದರೆ ಗಂಟೆಗೆ 25–30 ಕೈ (ಒಮ್ಮೆ ಎಲೆ ಹಂಚಿ ಆಡಿ ಮುಗಿಸುವುದು ಒಂದು ಕೈ). ಆನ್‌ಲೈನ್‌ನಲ್ಲಿ ಒಂದು ಮೇಜಿಗೆ 60–80. ನಾಲ್ಕು ಮೇಜು ತೆರೆದು ಕೂತರೆ 250ಕ್ಕೂ ಮೇಲೆ. ವಾರಕ್ಕೊಮ್ಮೆ ನಾಲ್ಕು ಗಂಟೆಯಂತೆ ಇಡೀ ತಿಂಗಳು ಕೂತು ಕಾಣುವ ದುರದೃಷ್ಟವನ್ನು ಇಲ್ಲಿ ಎರಡು ಗಂಟೆಯಲ್ಲಿ ಕಾಣುತ್ತೀರಿ.

ರಮ್ಮಿಯಲ್ಲಿ ಕಾದ ಎಲೆ ಬಾರದಿರುವುದು ಇನ್ನೂ ಸರಳ. ಆರು ಜನರ ಮೇಜು, ಎರಡು ಕಟ್ಟು, ಎರಡು ಜೋಕರ್: ಒಟ್ಟು 106 ಎಲೆ. ಹಂಚಿಕೆಗೇ 78 ಹೋಗುತ್ತವೆ. ತೆರೆದಿಟ್ಟ ಎರಡನ್ನು ಕಳೆದರೆ ಮುಚ್ಚಿದ ರಾಶಿಯಲ್ಲಿ ಉಳಿಯುವುದು ಬರೀ 26. ನೀವು ಒಂದೇ ಬಣ್ಣದ (ಕೆಂಪು-ಕಪ್ಪು ಅಲ್ಲ, ನಾಲ್ಕು ಗುರುತುಗಳಲ್ಲಿ ಒಂದೇ ಗುರುತಿನ) 5 ಮತ್ತು 7 ಹಿಡಿದು ಅದೇ ಬಣ್ಣದ 6ಕ್ಕೆ ಕಾಯುತ್ತಿದ್ದೀರಿ ಎನ್ನಿ. ಆ 6 ಇರುವುದೇ ಎರಡು. ಎರಡೂ ಬೇರೆಯವರ ಕೈಯಲ್ಲಿ ಸಿಕ್ಕಿಕೊಂಡಿರುವ ಸಂಭವ ಸುಮಾರು ಶೇ. 51, ಎರಡೂ ರಾಶಿಯಲ್ಲೇ ಇರುವ ಸಂಭವ ಶೇ. 8 ಮಾತ್ರ. ಬೇರೆಯವರ ಕೈಯಲ್ಲಿರುವುದು ನಿಮಗೆ ಸಿಗಬೇಕಾದರೆ ಅದನ್ನು ನಿಮ್ಮ ಹಿಂದಿನ ಸರದಿಯವರೇ ಎಸೆಯಬೇಕು. ಇಬ್ಬರೇ ಆಡುವಾಗ ಇದೇ ಲೆಕ್ಕ ತಿರುಗುಮುರುಗಾಗುತ್ತದೆ: ಎರಡರಲ್ಲಿ ಒಂದಾದರೂ ಎದುರಾಳಿಯ ಕೈಯಲ್ಲಿರುವ ಸಂಭವ ಬರೀ ಶೇ. 27. ಇಬ್ಬರ ಮೇಜಿನಲ್ಲಿ ರೂಢಿಯಾದ ಕಾಯುವ ಚಟವನ್ನು ಆರು ಜನರ ಮೇಜಿಗೆ ತಂದವರೇ ‘ಎಲೆ ಬರುವುದಿಲ್ಲ’ ಎಂದು ಹೆಚ್ಚು ಗೊಣಗುವುದು.

ಆದರೂ ಪರೀಕ್ಷೆ ಮಾಡಿಯೇ ತೀರಬೇಕೆಂದರೆ ಮಾಡಿ. ಆಡಿದ ಕೈಗಳ ದಾಖಲೆಯನ್ನು ನಿಮ್ಮ ಕಂಪ್ಯೂಟರಿನಲ್ಲೇ ಉಳಿಸುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದ್ದರೆ ಇವತ್ತೇ ಒತ್ತಿ, ಏಕೆಂದರೆ ಕಂಪನಿಯ ಕಡೆ ಹಳೆಯ ದಾಖಲೆ ಕೆಲವು ಕಾಲದ ಮೇಲೆ ಅಳಿಸಿಹೋಗಬಹುದು. ಏನನ್ನು ಎಣಿಸುತ್ತೀರಿ ಎಂಬುದನ್ನು ಎಣಿಸುವ ಮುಂಚೆಯೇ ಬರೆದಿಡಿ. ಅನುಮಾನ ಹುಟ್ಟಿಸಿದ ಹಳೆಯ ಕೈಗಳನ್ನು ಲೆಕ್ಕಕ್ಕೆ ಸೇರಿಸಬೇಡಿ, ಇವತ್ತಿನಿಂದ ಮುಂದಿನವಷ್ಟೇ. ಬಹುತೇಕರು ಎಡವುವುದು ಇಲ್ಲೇ: ವಿಚಿತ್ರವಾಗಿ ಕಂಡದ್ದನ್ನೇ ಆಯ್ದುಕೊಂಡು, ಅದು ಎಷ್ಟು ವಿಚಿತ್ರ ಎಂದು ಅಳೆಯುತ್ತಾರೆ. ಇಪ್ಪತ್ತು ಬಗೆಯ ಲೆಕ್ಕ ಹಾಕಿದರೆ ‘ಇಪ್ಪತ್ತಕ್ಕೊಂದು’ ಎನ್ನುವಂಥ ಅಪರೂಪ ಒಂದಾದರೂ ಸಿಗುವುದು ಸಹಜ.

ಟೆಕ್ಸಸ್ ಹೋಲ್ಡೆಮ್‌ನಲ್ಲಿ (ತಲಾ ಎರಡು ಮುಚ್ಚಿದ ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ತೆರೆದ ಎಲೆ ಇರುವ ಪೋಕರ್) ಎಣಿಸಲು ಸುಲಭವಾದವು ಇವು: ಮೊದಲ ಎರಡು ಎಲೆ ಜೋಡಿಯಾಗುವುದು 17ಕ್ಕೆ ಒಂದು, ಜೋಡಿ ಎಕ್ಕ 221ಕ್ಕೆ ಒಂದು, ನಡುವೆ ತೆರೆಯುವ ಮೂರು ಎಲೆ ಒಂದೇ ಬಣ್ಣದವಾಗುವುದು ಶೇ. 5.2, ಆ ಮೂರರಲ್ಲಿ ಸರಿಯಾಗಿ ಎರಡು ಜೋಡಿಯಾಗುವುದು ಶೇ. 16.9. ಹತ್ತು ಸಾವಿರ ಕೈಗಳಲ್ಲಿ 588 ಜೋಡಿ ಬರಬೇಕು. 541ರಿಂದ 635ರವರೆಗೆ ಬಂದರೆ ತಲೆ ಕೆಡಿಸಿಕೊಳ್ಳುವಂಥದ್ದಲ್ಲ, 518ಕ್ಕಿಂತ ಕೆಳಗೆ ಅಥವಾ 659ಕ್ಕಿಂತ ಮೇಲೆ ಹೋದರೆ ಪ್ರಶ್ನೆ ಎತ್ತಬಹುದು. ಜೋಡಿ ಎಕ್ಕ ಸುಮಾರು 45 ಸಲ ಬರಬೇಕು, 32ರಿಂದ 59 ಸಹಜ. ಐನೂರು ಕೈ ಆಡಿ ತೀರ್ಪು ಕೊಡಬೇಡಿ: ಪೂರ್ತಿ ಪ್ರಾಮಾಣಿಕವಾದ ಕಟ್ಟಿನಲ್ಲೂ 500 ಕೈಗಳಲ್ಲಿ ಒಮ್ಮೆಯೂ ಜೋಡಿ ಎಕ್ಕ ಕಾಣದವರು ನೂರಕ್ಕೆ ಹತ್ತು ಜನ ಇರುತ್ತಾರೆ.

ಕೊನೆಯ ಎಲೆಯ ಅನುಮಾನಕ್ಕೆ ಬೇರೆ ಲೆಕ್ಕ ಬೇಕು. ಎಲ್ಲ ದುಡ್ಡು ನಡುವೆ ಬಿದ್ದು ಇಬ್ಬರ ಎಲೆಗಳೂ ತೆರೆದ ಕೈಗಳನ್ನಷ್ಟೇ ಆರಿಸಿ. ದುಡ್ಡು ಬಿದ್ದ ಗಳಿಗೆಯಲ್ಲಿ ನಿಮ್ಮ ಗೆಲುವಿನ ಸಂಭವ ಎಷ್ಟಿತ್ತೆಂದು ಯಾವುದಾದರೂ ಆಡ್ಸ್ ಕ್ಯಾಲ್ಕ್ಯುಲೇಟರ್‌ನಲ್ಲಿ ನೋಡಿ ಬರೆಯಿರಿ: 0.82, 0.35, ಹೀಗೆ. ಎಲ್ಲವನ್ನೂ ಕೂಡಿದರೆ ನೀವು ಗೆಲ್ಲಬೇಕಿದ್ದ ಸಂಖ್ಯೆ. ಪ್ರತಿಯೊಂದನ್ನೂ ಒಂದರಿಂದ ಕಳೆದು ಅದರೊಡನೆ ಗುಣಿಸಿ, ಆ ಗುಣಲಬ್ಧಗಳನ್ನು ಕೂಡಿ, ವರ್ಗಮೂಲ ತೆಗೆದರೆ ಸಹಜ ಏರಿಳಿತದ ಅಳತೆ. ನೂರು ಕೈ, ಪ್ರತಿಯೊಂದರಲ್ಲೂ 0.80 ಎಂದುಕೊಂಡರೆ 80 ಗೆಲುವು, ಏರಿಳಿತ 4. ಎಪ್ಪತ್ತೆರಡು ಗೆದ್ದಿದ್ದರೆ ಬೇಸರದ ಮಾತು, ಅಷ್ಟೇ. ಅರವತ್ತೈದಕ್ಕೆ ಇಳಿದಿದ್ದರೆ ಆ ಪಟ್ಟಿಯನ್ನು ಜೋಪಾನವಾಗಿಡಿ.

ಹಾಗಾದರೆ ಕಲಸುವುದರಲ್ಲಿ ತಪ್ಪು ಆಗುವುದೇ ಇಲ್ಲವೇ? ಆಗಿದೆ. ಎಲ್ಲರಿಗೂ ಪಾಠವಾದದ್ದು 1999ರ ಪ್ರಕರಣ. ಎಎಸ್‌ಎಫ್ ಸಾಫ್ಟ್‌ವೇರ್ ಎಂಬ ಕಂಪನಿ, ತನ್ನ ಪೋಕರ್ ಪ್ರಾಮಾಣಿಕ ಎಂದು ತೋರಿಸಲು ಎಲೆ ಕಲಸುವ ಪ್ರೋಗ್ರಾಮನ್ನೇ ಪ್ರಕಟಿಸಿತು. 52 ಎಲೆಗಳನ್ನು ಜೋಡಿಸಬಹುದಾದ ಕ್ರಮಗಳ ಸಂಖ್ಯೆ 8ರ ಮುಂದೆ 67 ಸೊನ್ನೆ ಇಟ್ಟಷ್ಟು. ಆ ಪ್ರೋಗ್ರಾಮಿನ ಬೀಜಸಂಖ್ಯೆ (ಕಲಸುವ ಲೆಕ್ಕ ಶುರುವಾಗುವ ಸಂಖ್ಯೆ; ಅದು ತಿಳಿದರೆ ಇಡೀ ಕ್ರಮವೇ ತಿಳಿಯುತ್ತದೆ) 32 ಬಿಟ್‌ನದು; ಅದರಿಂದ ಹುಟ್ಟಬಹುದಾದ ಕ್ರಮಗಳು ಹೆಚ್ಚೆಂದರೆ 430 ಕೋಟಿ. ಸಾಲದ್ದಕ್ಕೆ ಬೀಜವನ್ನು ತೆಗೆದುಕೊಳ್ಳುತ್ತಿದ್ದದ್ದು ಮಧ್ಯರಾತ್ರಿಯಿಂದ ಕಳೆದ ಮಿಲಿಸೆಕೆಂಡುಗಳಿಂದ, ಅಂದರೆ ದಿನಕ್ಕೆ 8.64 ಕೋಟಿ ಬೀಜ. ಭದ್ರತಾ ಪರಿಣತರು ತಮ್ಮ ಗಡಿಯಾರವನ್ನು ಸರ್ವರ್‌ನ ಗಡಿಯಾರಕ್ಕೆ ಹೊಂದಿಸಿಕೊಂಡು ಅದನ್ನೂ ಸುಮಾರು ಎರಡು ಲಕ್ಷಕ್ಕೆ ಇಳಿಸಿದರು. ತಮ್ಮ ಎರಡು ಎಲೆ, ತೆರೆದ ಮೂರು ಎಲೆ: ಈ ಐದನ್ನು ಕೊಟ್ಟರೆ ಸಾಕು, ಉಳಿದ ಎಲ್ಲರ ಕೈಯೂ ಮುಂದೆ ಬರುವ ಎಲೆಯೂ ಪರದೆಯ ಮೇಲೆ ಬಂದುಬಿಡುತ್ತಿತ್ತು. ಗಮನಿಸಿ, ಇಲ್ಲಿ ಕಂಪನಿ ಯಾರಿಗೂ ಗೆಲುವು ಬರೆದುಕೊಟ್ಟಿರಲಿಲ್ಲ. ತಿಳಿದವನಿಗೆ ಬಾಗಿಲು ತೆರೆದಿತ್ತು, ಅಷ್ಟೇ.

ಇನ್ನೂ ಸಣ್ಣ ತಪ್ಪುಗಳೂ ಇವೆ. ಪ್ರತಿ ಎಲೆಯನ್ನು ಕಟ್ಟಿನ ಯಾವುದೋ ಒಂದು ಎಲೆಯೊಡನೆ ಅದಲುಬದಲು ಮಾಡುತ್ತ ಹೋಗುವುದು ಸರಿ ಎಂದೇ ಕಾಣುತ್ತದೆ. ಮೂರೇ ಎಲೆಯಲ್ಲಿ ಪರೀಕ್ಷಿಸಿ: ದಾರಿಗಳು 27, ಕ್ರಮಗಳು 6. ಆರರಿಂದ 27 ಭಾಗವಾಗದು. ಹಾಗಾಗಿ ಮೂರು ಕ್ರಮಗಳು 27ರಲ್ಲಿ 5 ಸಲ, ಉಳಿದ ಮೂರು 4 ಸಲ ಬರುತ್ತವೆ. ಫಿಶರ್–ಯೇಟ್ಸ್ ವಿಧಾನದಲ್ಲಿ ಇನ್ನೂ ಕಲಸದೆ ಉಳಿದ ಎಲೆಗಳಿಂದ ಮಾತ್ರ ಆರಿಸುವುದರಿಂದ ಈ ದೋಷವಿಲ್ಲ. ಇನ್ನೊಂದು: 0ರಿಂದ 255ರವರೆಗಿನ ಸಂಖ್ಯೆಯನ್ನು 52ರಿಂದ ಭಾಗಿಸಿ ಶೇಷವನ್ನೇ ಎಲೆ ಎಂದುಕೊಂಡರೆ, 48 ಎಲೆಗಳಿಗೆ ಐದೈದು ಅವಕಾಶ, ಕೊನೆಯ ನಾಲ್ಕಕ್ಕೆ ನಾಲ್ಕೇ ಅವಕಾಶ ಸಿಗುತ್ತದೆ. 208 ಮತ್ತು ಅದರ ಮೇಲಿನ ಸಂಖ್ಯೆ ಬಂದರೆ ಬಿಸಾಕಿ ಇನ್ನೊಂದನ್ನು ತೆಗೆಯಬೇಕು. ಇಂಥ ದೋಷಗಳು ದೊಡ್ಡ ಎಣಿಕೆಗೆ ಸಿಕ್ಕಿಬೀಳುತ್ತವೆ. ಸಿಕ್ಕದಿರುವುದು ‘ಮರ್ಸೆನ್ ಟ್ವಿಸ್ಟರ್’ನಂಥ ಯಾದೃಚ್ಛಿಕ ಸಂಖ್ಯೆ ಹುಟ್ಟಿಸುವ ಜನರೇಟರ್: ಹಂಚಿಕೆಯ ಲೆಕ್ಕದಲ್ಲಿ ಬಲು ಸೊಗಸು, ಆದರೆ ಅದರ 624 ಸಂಖ್ಯೆಗಳನ್ನು ಪೂರ್ತಿಯಾಗಿ ಕಂಡವನು ಮುಂದಿನದನ್ನೆಲ್ಲ ಹೇಳಬಲ್ಲ. ಸಮವಾಗಿರುವುದು ಬೇರೆ, ಊಹೆಗೆ ಸಿಗದಿರುವುದು ಬೇರೆ.

ಸರ್ಟಿಫಿಕೇಟಿನ ಬೆಲೆ ಇಲ್ಲೇ ತಿಳಿಯುತ್ತದೆ. ಜಿಎಲ್‌ಐ, ಇಕೋಗ್ರಾ, ಐಟೆಕ್ ಲ್ಯಾಬ್ಸ್‌ನಂಥ ಪ್ರಯೋಗಾಲಯಗಳು ಕೊಡುವ ಆರ್‌ಎನ್‌ಜಿ (ಯಾದೃಚ್ಛಿಕ ಸಂಖ್ಯೆಯ ಜನರೇಟರ್) ಪ್ರಮಾಣಪತ್ರ ಹೇಳುವುದು ಇಷ್ಟೇ: ಈ ಆವೃತ್ತಿಯ ಪ್ರೋಗ್ರಾಮ್, ಈ ದಿನ, ಎಲೆಗಳನ್ನು ಸರಿಯಾಗಿ ಕಲಸಿತು. ಮೇಜಿನಲ್ಲಿ ಯಾರು ಕೂತಿದ್ದಾರೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಮುದ್ರೆಯ ಚಿತ್ರವನ್ನು ಯಾರು ಬೇಕಾದರೂ ಅಂಟಿಸಬಹುದು. ಅದನ್ನು ಒತ್ತಿದಾಗ ಪ್ರಯೋಗಾಲಯದ ಸ್ವಂತ ತಾಣ ತೆರೆಯುತ್ತದೆಯೇ, ಅಲ್ಲಿ ಕಂಪನಿಯ ಹೆಸರು, ಆವೃತ್ತಿ, ದಿನಾಂಕ ಇವೆಯೇ ನೋಡಿ.

ಕೆಲವು ತಾಣಗಳು ‘ಪ್ರೂವಬ್ಲಿ ಫೇರ್’ (ಪ್ರಾಮಾಣಿಕತೆಯನ್ನು ಸಾಬೀತು ಮಾಡಿ ತೋರಿಸಬಹುದು) ಎಂದು ಹೇಳಿಕೊಳ್ಳುತ್ತವೆ. ಇದನ್ನು ನೀವೇ ಪರೀಕ್ಷಿಸಬಹುದು, ಕ್ರಮ ತಪ್ಪಬಾರದು. ಮೊದಲು ಸರ್ವರ್ ತನ್ನ ಗುಟ್ಟಿನ ಬೀಜದ ಎಸ್‌ಎಚ್‌ಎ-256 ಹ್ಯಾಶ್ (ಬೀಜದಿಂದ ಹುಟ್ಟುವ, ಆದರೆ ಬೀಜವನ್ನು ಬಿಟ್ಟುಕೊಡದ ಬೆರಳಚ್ಚಿನಂಥ ಗುರುತು) ತೋರಿಸಬೇಕು. 64 ಅಕ್ಷರಗಳ ಆ ಸಾಲನ್ನು ನಕಲಿಸಿಟ್ಟುಕೊಳ್ಳಿ. ಆಮೇಲೆ, ಆಮೇಲೆಯೇ, ನಿಮ್ಮ ಬೀಜವನ್ನು ನೀವೇ ಟೈಪ್ ಮಾಡಿ ಬದಲಿಸಿ. ನಿಮ್ಮ ಬೀಜ ಮೊದಲು ಪಡೆದು ಹ್ಯಾಶ್ ನಂತರ ಕೊಡುವ ತಾಣ, ನಡುವೆ ಸಾವಿರಾರು ಬೀಜ ಪ್ರಯತ್ನಿಸಿ ತನಗೆ ಬೇಕಾದ ಕಟ್ಟನ್ನು ಆರಿಸಿಕೊಳ್ಳಬಹುದು. ಆಟ ಮುಗಿದ ಮೇಲೆ ಸರ್ವರ್ ಬೀಜ ಬಿಟ್ಟುಕೊಟ್ಟಾಗ ಅದರ ಹ್ಯಾಶ್ ಅನ್ನು ನಿಮ್ಮ ಕಂಪ್ಯೂಟರಿನಲ್ಲೇ ತೆಗೆದು ಹೋಲಿಸಿ, ಅವರ ತಾಣದ ಗುಂಡಿ ಒತ್ತಿ ಅಲ್ಲ. ಹೊಂದದಿದ್ದರೆ ಕೂಡಲೇ ಕೂಗಾಡಬೇಡಿ: ಬೀಜದ ತುದಿಯಲ್ಲಿ ಕಣ್ಣಿಗೆ ಕಾಣದ ಹೊಸ ಸಾಲಿನ ಗುರುತೊಂದು ಸೇರಿಕೊಂಡರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ಹೆಕ್ಸ್ ಅಕ್ಷರಗಳನ್ನು (0–9, a–f) ಅಕ್ಷರವಾಗಿಯೇ ತೆಗೆದುಕೊಳ್ಳಬೇಕೋ ಬೈಟ್‌ಗಳಾಗಿ ಬಿಡಿಸಬೇಕೋ ಎಂಬುದೂ ಮುಖ್ಯ. ಹ್ಯಾಶ್ ಹೊಂದಿದ ಮೇಲೆ, ಎರಡು ಬೀಜ ಮತ್ತು ಆಟದ ಸಂಖ್ಯೆಯಿಂದ ಕಟ್ಟಿನ ಕ್ರಮವನ್ನು ಮತ್ತೆ ಹುಟ್ಟಿಸಿ ನೋಡದೆ ಪರೀಕ್ಷೆ ಮುಗಿಯುವುದಿಲ್ಲ. ಅನೇಕರು ಅರ್ಧಕ್ಕೇ ನಿಲ್ಲಿಸುತ್ತಾರೆ.

ಇದಕ್ಕೂ ಒಂದು ಮಿತಿಯಿದೆ. ಬೀಜ ತಿಳಿದಿರುವ ಸರ್ವರ್‌ಗೆ ಎಲ್ಲರ ಎಲೆಯೂ ತಿಳಿದಿರುತ್ತದೆ. ಒಳಗಿನವನೊಬ್ಬ ಮೇಜಿನಲ್ಲಿ ಕೂತರೆ ಹ್ಯಾಶ್ ಹೊಂದಿಕೊಂಡೇ ಇರುತ್ತದೆ, ನೀವು ಸೋಲುತ್ತಲೇ ಇರುತ್ತೀರಿ. ಯಾರನ್ನೂ ನಂಬದೆ ಎಲೆ ಹಂಚುವ ಗೂಢಲಿಪಿ ವಿಧಾನವನ್ನು ಆ ಶಾಸ್ತ್ರದ ಪರಿಣತರಾದ ಶಮೀರ್, ರಿವೆಸ್ಟ್, ಏಡಲ್‌ಮನ್ 1979ರಲ್ಲೇ ವಿವರಿಸಿದ್ದರು. ಪ್ರತಿಯೊಬ್ಬ ಆಟಗಾರನೂ ಕಟ್ಟಿಗೆ ತನ್ನದೊಂದು ಬೀಗ ಹಾಕಿ, ಕಲಸಿ, ಮುಂದಿನವನಿಗೆ ಕೊಡುವ ಉಪಾಯ ಅದು. ಆದರೆ ಒಬ್ಬನ ಸಂಪರ್ಕ ಕಡಿದರೆ ಅವನ ಬೀಗ ತೆಗೆಯುವವರಿಲ್ಲದೆ ಆಟವೇ ನಿಲ್ಲುತ್ತದೆ.

ಒಳಗಿನವರ ಮೋಸ ಊಹೆಯ ಮಾತಲ್ಲ. 2007ರಲ್ಲಿ ಅಬ್ಸಲ್ಯೂಟ್ ಪೋಕರ್, 2008ರಲ್ಲಿ ಅಲ್ಟಿಮೇಟ್ ಬೆಟ್ ಎಂಬ ಪೋಕರ್ ತಾಣಗಳು: ಎರಡರಲ್ಲೂ ಎಲ್ಲರ ಎಲೆ ಕಾಣುವ ಖಾತೆಗಳು ಆಡುತ್ತಿದ್ದದ್ದು ಬಯಲಾಯಿತು. ಮೊದಲನೆಯದರಲ್ಲಿ, ಟೂರ್ನಮೆಂಟ್ ಒಂದರ ದಾಖಲೆ ಕೇಳಿದ ಆಟಗಾರನಿಗೆ ಎಲ್ಲರ ಮುಚ್ಚಿದ ಎಲೆಗಳೂ ಇದ್ದ ಫೈಲ್ ಸಿಕ್ಕಿತು. ಅದನ್ನು ಆಟಗಾರರೇ ಕೂತು ಬಿಡಿಸಿದರು. ಅವುಗಳಿಗೆ ಪರವಾನಗಿ ಕೊಟ್ಟಿದ್ದ ಕೆನಡಾದ ಕಾನಾವಾಕೆ ಗೇಮಿಂಗ್ ಕಮಿಷನ್ ಎರಡಕ್ಕೂ ದಂಡ ಹಾಕಿತು, ಒಂದಕ್ಕೆ 5 ಲಕ್ಷ ಡಾಲರ್, ಇನ್ನೊಂದಕ್ಕೆ 15 ಲಕ್ಷ. ಇಂಥವನ ಗುರುತು ಒಂದೇ: ಹೆಚ್ಚು ಕೈ ಆಡುವವನು ಹೆಚ್ಚು ಸಲ ತಪ್ಪಲೇಬೇಕು. ಸಿಕ್ಕಸಿಕ್ಕ ಎಲೆಗೆಲ್ಲ ಆಟಕ್ಕಿಳಿದೂ ಕೊನೆಯ ಸುತ್ತಿನಲ್ಲಿ ತನಗಿಂತ ದೊಡ್ಡ ಕೈಗೆ ಎಂದೂ ದುಡ್ಡು ಕೊಡದವನು, ನಿಮ್ಮ ಬ್ಲಫ್ (ಕಳಪೆ ಕೈಯಲ್ಲಿ ಹೆದರಿಸಲು ಕಟ್ಟುವ ಪಣ) ಅನ್ನು, ಜೋಡಿಯೂ ಇಲ್ಲದೆ ಹತ್ತಕ್ಕಿಂತ ದೊಡ್ಡ ಎಲೆಯೂ ಇಲ್ಲದ ಕೈಯಲ್ಲೂ ಹಿಡಿಯುವವನು ಇದ್ದರೆ ಅವನ ಕೊನೆಯ ಸುತ್ತಿನ ತೀರ್ಮಾನಗಳನ್ನು ಮಾತ್ರ ಪಟ್ಟಿ ಮಾಡಿ.

ಜೊತೆಗೂಡಿ ಆಡುವುದು ಇದಕ್ಕಿಂತ ಎಷ್ಟೋ ಸುಲಭ. ಎರಡು ಫೋನ್ ಸಾಕು. ಪೋಕರ್‌ನಲ್ಲಿ ಎಲೆ ಹೇಳಿಕೊಳ್ಳುವುದರಿಂದ ಸಿಗುವ ಲಾಭ ಜನ ಅಂದುಕೊಂಡಷ್ಟಿಲ್ಲ. ಒಂದೇ ಬಣ್ಣದ ನಾಲ್ಕು ಎಲೆ ಕೂಡಿ ಐದನೆಯದಕ್ಕೆ ಕಾಯುವವನಿಗೆ ಮುಂದಿನ ಎಲೆಯಲ್ಲಿ 47ರಲ್ಲಿ 9 ಅವಕಾಶ. ಗೆಳೆಯನ ಕೈಯಲ್ಲೂ ಅದೇ ಬಣ್ಣದ ಎರಡು ಎಲೆ ಇವೆಯೆಂದು ತಿಳಿದರೆ 45ರಲ್ಲಿ 7. ಶೇ. 19 ಇದ್ದದ್ದು 15.6 ಆಯಿತು, ಅಷ್ಟೇ. ನಿಜವಾದ ಲೂಟಿ ನಡೆಯುವುದು ನಿಮ್ಮನ್ನು ನಡುವೆ ಹಾಕಿಕೊಂಡು ಹಿಂಡುವುದರಲ್ಲಿ: ಒಬ್ಬ ಏರಿಸುತ್ತಾನೆ, ನೀವು ಒಪ್ಪುತ್ತೀರಿ, ಇನ್ನೊಬ್ಬ ಮತ್ತೆ ಏರಿಸುತ್ತಾನೆ, ಮೊದಲನೆಯವನು ಮತ್ತೂ. ನೀವು ಕೈ ಬಿಟ್ಟ ಮರುಗಳಿಗೆಯೇ ಅವರಲ್ಲೊಬ್ಬ ತಣ್ಣಗೆ ಎಲೆ ಬಿಸಾಕುತ್ತಾನೆ. ಎಲೆ ತೆರೆಯಬೇಕಾದ ಸಂದರ್ಭ ಬಂದರೆ, ಅಷ್ಟೆಲ್ಲ ಏರಿಸಿದವನ ಕೈಯಲ್ಲಿ ಕಸ ಕಾಣುತ್ತದೆ. ಇಬ್ಬರೂ ಐದು ನಿಮಿಷದ ಅಂತರದಲ್ಲಿ ಬಂದು ಹೋಗುವುದು, ಇಬ್ಬರೇ ಉಳಿದಾಗ ಪಣವೇ ಏರದಿರುವುದು ಜೊತೆಗಿನ ಸುಳಿವುಗಳು.

ರಮ್ಮಿಯಲ್ಲಿ ಎಲೆ ಹೇಳಿಕೊಳ್ಳುವುದೇ ಆಯುಧ. ಜೊತೆಗಾರನ 13 ಎಲೆ ಕಂಡವನಿಗೆ ಯಾವ ಸರಣಿ ಸತ್ತಿದೆ ಎಂದು ಮೊದಲೇ ಗೊತ್ತು: ಒಂದು 6 ಗೆಳೆಯನ ಬಳಿ, ಇನ್ನೊಂದು ಎಸೆದ ರಾಶಿಯಲ್ಲಿ ಇದ್ದರೆ ಅವನು ಕಾಯುವ ಗೋಜಿಗೇ ಹೋಗುವುದಿಲ್ಲ. ಸರದಿಯಲ್ಲಿ ಒಬ್ಬರ ಹಿಂದೊಬ್ಬರು ಕೂತರಂತೂ ಬೇಕಾದ ಎಲೆಯನ್ನೇ ಎಸೆದುಕೊಡಬಹುದು. ಗಮನಿಸಬೇಕಾದ್ದು ಇದನ್ನು: ಆಟ ಮುಗಿದು ಕೈಗಳು ತೆರೆದಾಗ, ಎಸೆದವನು ಕೂಡಿದ್ದ ಜೋಡಣೆಯನ್ನು ಒಡೆದು ಆ ಎಲೆ ಕೊಟ್ಟಿದ್ದನೇ? ಒಮ್ಮೆ ಆದರೆ ಪೆದ್ದುತನ. ಅದೇ ಇಬ್ಬರ ನಡುವೆ, ಅದೇ ದಿಕ್ಕಿನಲ್ಲಿ, ಐದಾರು ಆಟದಲ್ಲಿ ಆದರೆ ಪೆದ್ದುತನವಲ್ಲ. ಆರು ಜನರ ಮೇಜಿಗಿಂತ ಇಬ್ಬರ ಮೇಜು ಈ ಒಂದು ಕಾರಣಕ್ಕೆ ಸುರಕ್ಷಿತ.

ಬಾಟ್‌ಗಳ (ಮನುಷ್ಯರ ಬದಲು ಆಡುವ ಪ್ರೋಗ್ರಾಮ್‌ಗಳು) ವಿಷಯದಲ್ಲಿ ಒಂದೇ ಲಕ್ಷಣ ಹಿಡಿದು ಆರೋಪ ಮಾಡಬೇಡಿ. ಮನುಷ್ಯ ಸುಲಭದ ತೀರ್ಮಾನಕ್ಕೆ ಒಂದು ಸೆಕೆಂಡ್, ಕಷ್ಟದ್ದಕ್ಕೆ ಇಪ್ಪತ್ತು ಸೆಕೆಂಡ್ ತೆಗೆದುಕೊಳ್ಳುತ್ತಾನೆ. ಕಳಪೆ ಬಾಟ್‌ಗೆ ಎರಡೂ ಒಂದೇ. ಆದರೆ ಎಂಟು ಮೇಜು ಒಟ್ಟಿಗೆ ಆಡುವ ಮನುಷ್ಯನ ಸಮಯವೂ ಯಂತ್ರದಂತೆಯೇ ಕಾಣುತ್ತದೆ. ದಿನಕ್ಕೆ ಹದಿನಾರು ಗಂಟೆ ಆಡುವುದು, ಬೇರೆಬೇರೆ ಹೆಸರಿನ ಮೂರ್ನಾಲ್ಕು ಖಾತೆಗಳ ಅಂಕಿಅಂಶ ಸಾವಿರಾರು ಕೈಗಳ ಮೇಲೂ ಕೂದಲೆಳೆಯಷ್ಟೂ ಬೇರೆಯಾಗದಿರುವುದು ಹೆಚ್ಚು ಗಟ್ಟಿ. 2019ರಲ್ಲಿ ಪ್ಲುರಿಬಸ್ ಎಂಬ ಪ್ರೋಗ್ರಾಮ್ ಆರು ಜನರ ಪೋಕರ್‌ನಲ್ಲಿ ವೃತ್ತಿಪರರನ್ನು ಸೋಲಿಸಿತು. ‘ಯಂತ್ರ ಇಷ್ಟು ಚೆನ್ನಾಗಿ ಆಡಲಾರದು’ ಎಂಬ ವಾದ ಅಲ್ಲಿಗೆ ಮುಗಿಯಿತು.

ನಿಮ್ಮ ಕಂಪ್ಯೂಟರ್, ಫೋನುಗಳನ್ನೂ ಅನುಮಾನಿಸಿ. 2015ರಲ್ಲಿ ಇಸೆಟ್ ಎಂಬ ಭದ್ರತಾ ಸಾಫ್ಟ್‌ವೇರ್ ಕಂಪನಿ ವರದಿ ಮಾಡಿದ ಓಡ್ಲನರ್ ಎಂಬ ಟ್ರೋಜನ್ (ವೇಷ ಮರೆಸಿ ಒಳಸೇರುವ ಕುತಂತ್ರದ ಪ್ರೋಗ್ರಾಮ್) ಕಂಪ್ಯೂಟರ್ ಹೊಕ್ಕು ಪೋಕರ್ ಕಿಟಕಿಯ ಚಿತ್ರ ತೆಗೆದು ಕಳಿಸುತ್ತಿತ್ತು. ಎದುರಾಳಿ ಅದರಲ್ಲಿ ನಿಮ್ಮ ಎಲೆ ನೋಡಿಕೊಂಡು ಆಡಬಹುದಿತ್ತು. ‘ಎದುರಾಳಿಯ ಎಲೆ ತೋರಿಸುವ ಆ್ಯಪ್’ ಎಂದು ಮಾರುವವರನ್ನು ದೂರವಿಡಿ. ಸರಿಯಾಗಿ ಕಟ್ಟಿದ ಆಟದಲ್ಲಿ ಬೇರೆಯವರ ಎಲೆ ತೆರೆಯುವವರೆಗೆ ನಿಮ್ಮ ಫೋನಿಗೆ ಬರುವುದೇ ಇಲ್ಲ, ಬಾರದ್ದನ್ನು ಯಾವ ಆ್ಯಪ್ ತೋರಿಸೀತು? ಅದು ತೋರಿಸುವುದು ನಿಮ್ಮದನ್ನೇ, ಇನ್ನೊಬ್ಬರಿಗೆ. ಪರದೆ ಹಂಚಿಕೆ, ಪರದೆಯ ಮೇಲೆ ತೇಲುವ ಅನುಮತಿ, ಆ್ಯಕ್ಸೆಸಿಬಿಲಿಟಿ ಅನುಮತಿ ಪಡೆದ ಆ್ಯಪ್‌ಗಳ ಪಟ್ಟಿ ತೆಗೆದು, ಗುರುತು ಸಿಗದ್ದನ್ನು ಕಿತ್ತುಹಾಕಿ.

ದೂರು ಕೊಡುವಾಗ ‘ಮೋಸ ನಡೆಯುತ್ತಿದೆ’ ಎಂದು ಬರೆದರೆ ಬರುವ ಉತ್ತರ ಮೊದಲೇ ಅಚ್ಚಾಗಿರುತ್ತದೆ. ಐದರಿಂದ ಹತ್ತು ಕೈಗಳ ಸಂಖ್ಯೆ, ಮೇಜಿನ ಹೆಸರು, ಸಮಯವಲಯ ಸಹಿತ ಗಂಟೆ, ಎರಡೂ ಖಾತೆಗಳ ಹೆಸರು, ಪ್ರತಿ ಕೈಗೆ ಒಂದು ಸಾಲು: ಯಾರು ಯಾವ ಸುತ್ತಿನಲ್ಲಿ ಏನು ಮಾಡಿದರು, ಯಾಕೆ ಅದು ಒಂಟಿ ಆಟಗಾರನಿಗೆ ನಷ್ಟದ ನಡೆ. ನೀವು ಸೋತ ಕೈಗಳಷ್ಟೇ ಅಲ್ಲ, ನೀವಿಲ್ಲದ ಕೈಗಳಲ್ಲೂ ಅದೇ ಜೋಡಿ ಹಾಗೆಯೇ ಆಡಿದ್ದರೆ ಅದನ್ನೂ ಸೇರಿಸಿ. ಅದಕ್ಕೆ ಬೆಲೆ ಹೆಚ್ಚು. ಇಬ್ಬರ ಐಪಿ (ಇಂಟರ್ನೆಟ್ ವಿಳಾಸ), ಸಾಧನದ ಗುರುತು, ಹಣ ತೆಗೆದ ಖಾತೆ ನಿಮಗೆ ಕಾಣದು, ಕಂಪನಿಗೆ ಕಾಣುತ್ತದೆ. ಅವನ್ನು ಹೋಲಿಸಿ ನೋಡಿದಿರಾ ಎಂದು ನೇರವಾಗಿ ಕೇಳಿ. ಅಲ್ಲಿಯವರೆಗೆ ಮೇಜಿನ ಚಾಟ್‌ನಲ್ಲಿ ಒಂದು ಮಾತೂ ಆಡಬೇಡಿ, ಆಡಿದರೆ ಆ ಎರಡು ಹೆಸರು ನಾಳೆ ಬೇರೆ ಹೆಸರಾಗಿರುತ್ತವೆ.